ನೀರಲ್ಲಿ ನಿಂತ ಸೊಸೆ, ಬಳೆಯ ಬೂಬಮ್ಮ

“ಅವ್ವಾ, ಬಳೆ ಬೂಬಮ್ಮ ಕತೆ ಹೇಳುವಾಗ ನಮ್ಮ ಮೊಕ ಯಾಕ್ ನೋಡಾಕಿಲ್ಲ? ಬರೀ ಕೈನೇ ನೋಡ್ತದಲ್ಲ, ಯಾಕವ್ವ?”

ಐದು ವರ್ಷದ ಬೆಳ್ಳಿ ಇದನ್ನು ಕೇಳಿದಾಗ ಅವಳ ಬಾಯಲ್ಲಿ ಮುದ್ದೆಯ ತುತ್ತು ಇನ್ನೂ ಇತ್ತು. “ಮೊದ್ಲು ನುಂಗು, ಆಮೇಕೆ ಮಾತಾಡು,” ಎಂದಳು ತಾಯಿ ಮುದ್ದಮ್ಮ. ಮಗು ನುಂಗಿತು. ನುಂಗಿ ಮತ್ತೆ ಅದನ್ನೇ ಕೇಳಿತು.

ಅದು ಸ್ವಾತಂತ್ರ್ಯ ಬಂದ ವರ್ಷದ ಗೌರಿ ಹಬ್ಬ. ಶಿವಪುರದ ಹೆಣ್ಣುಮಕ್ಕಳೆಲ್ಲ ಕೇಸರಿ, ಬಿಳಿ, ಹಸಿರು ಬಳೆಯೇ ಬೇಕೆಂದು ಹಟ ಹಿಡಿದಿದ್ದರು. ಮಕ್ಕಳೆಲ್ಲ ಬೂಬಮ್ಮ ಎಂದು ಕರೆಯುವ ಮದ್ದೂರಿನ ಬಳೆಗಾರ್ತಿ ಸುಲ್ತಾನ್ ಬೀ ಬೆಳಿಗ್ಗೆ ಬಂದು ಬೆಳ್ಳಿಯ ಪುಟ್ಟ ಕೈಗಳಿಗೂ ಬಾವುಟದ ಬಣ್ಣ ಏರಿಸಿ, ಮಜ್ಜಿಗೆ ಕುಡಿದು, ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ಬೀದಿಗೆ ಹೋಗಿದ್ದಳು. ಬಳೆಗಳನ್ನೆಲ್ಲ ಹಗ್ಗಕ್ಕೆ ಪೋಣಿಸಿದ ಆ ಮಲಾರ ಹೆಗಲ ಮೇಲಿದ್ದರೆ ಅವಳು ಬರುವುದು ಬೀದಿಯ ತುದಿಯಿಂದಲೇ ಕೇಳಿಸುತ್ತದೆ. ಸಂಜೆ ಊರಿಗೆ ಮರಳುವಾಗ ಮತ್ತೆ ಬಂದು ಹೋಗುತ್ತೇನೆಂದು ಮಾತು ಕೊಟ್ಟಿದ್ದಳು.

ಕೈ ನೋಡದಿದ್ದರೆ ಬಳೆ ಒಡೆಯುತ್ತದೆ ಮಗಾ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಆ ಒಂದು ಮಾತಿನ ಹಿಂದೆ ಒಂಬತ್ತು ವರ್ಷದ ಬದುಕಿತ್ತು, ಅದರ ನಡುವೆ ಈ ಮನೆಯೇ ಇತ್ತು. ಮುದ್ದಮ್ಮ ಮಗಳ ಕೈ ತೊಳೆಸಿ, ತೊಡೆಯ ಮೇಲೆ ಕೂರಿಸಿಕೊಂಡು, ಮೊದಲಿನಿಂದಲೇ ಹೇಳತೊಡಗಿದಳು.

ಸುಲ್ತಾನ್ ಬೀ ಮಳವಳ್ಳಿಯ ಹುಡುಗಿ. ಶಿವಪುರದಲ್ಲಿ ಬಾವುಟ ಏರಿಸಲು ಸೀಮೆಯ ಜನವೆಲ್ಲ ನೆರೆದ ವರ್ಷ ಅವಳು ಮದ್ದೂರಿಗೆ ಮದುವೆಯಾಗಿ ಬಂದಳು. ದಾರಿ ತುಂಬ ಜನವೋ ಜನ. ಗಾಡಿಯೊಳಗಿದ್ದ ಮದುಮಗಳು ಇವರೆಲ್ಲ ತನ್ನನ್ನೇ ನೋಡಲು ಬಂದವರೆಂದು ತಿಳಿದು ಸೆರಗನ್ನು ಮೂಗಿನ ತನಕ ಎಳೆದುಕೊಂಡಳಂತೆ. ಗಂಡ ಬಾಬು ಜಾನ್ ಜಟಕಾ ಚಕ್ರಗಳಿಗೆ ಪಟ್ಟಿ ಕಟ್ಟುವವನು. ಅವನು ಇದನ್ನು ಹೇಳಿಕೊಂಡು ಇಂದಿಗೂ ನಗುತ್ತಾನೆ.

ಮನೆಯಲ್ಲಿ ನಿಜವಾದ ಕಸುಬು ಅವನ ತಾಯಿ ಜುಲೇಖಾ ಬೀಯದು. ಸುತ್ತಲಿನ ಹಳ್ಳಿಗಳ ಹೆಂಗಸರು ಮೂರು ತಲೆಮಾರಿನಿಂದ ಅವಳ ಮುಂದೆಯೇ ಕೈ ಚಾಚಿದ್ದರು. ಅವಳ ಕೈಯಲ್ಲಿ ಬಳೆ ಹೆಚ್ಚಿದ್ದನ್ನು ಕಂಡವರಿಲ್ಲ. ಬಳೆ ಒಡೆಯಿತು ಎಂದು ಮುತ್ತೈದೆಯರು ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಬಳೆ ತೊಡಿಸುವಾಗ ಜುಲೇಖಾ ಬೀ ಕತೆ ಹೇಳುತ್ತಿದ್ದಳು. ನೋಯುತ್ತದೆ ಎಂದು ಕಾದು ಕುಳಿತ ಕೈ ಕಲ್ಲಾಗುತ್ತದೆ, ಹೆಬ್ಬೆರಳ ಬುಡ ಮಡಚಿಕೊಳ್ಳುವುದಿಲ್ಲ, ಗಾಜು ಗೆಣ್ಣಿನ ಮೇಲೆ ನಿಂತುಬಿಡುತ್ತದೆ. ಕೈಯ ಒಡತಿ ತನಗೊಂದು ಕೈ ಇದೆ ಎಂಬುದನ್ನು ಮರೆತಾಗ ಮಾತ್ರ ಬಿಗಿಯಾದ ಬಳೆ ಸರಕ್ಕನೆ ಏರುತ್ತದೆ. ಮರೆಸುವುದಕ್ಕೆ ಕತೆ.

ಮಂಡಿ ನೋವು ಹಿಡಿದು ಜುಲೇಖಾ ಬೀ ಮಲಾರವನ್ನು ಸೊಸೆಯ ಹೆಗಲಿಗೆ ದಾಟಿಸಿದಳು. ಸುಲ್ತಾನ್ ಬೀ ಹೆದರುತ್ತಲೇ ಸೋಮನಹಳ್ಳಿಗೆ ಹೊರಟಳು. ಒಬ್ಬಳ ಕೈ ಹಿಡಿದು ಶುರುಮಾಡಿದಳು:

“ಒಂದೂರಲ್ಲಿ ಒಬ್ಬ ರಾಜ. ಭಾಳ ಒಳ್ಳೆಯೋನು. ಅವನ ಹೆಂಡ್ತಿನೂ ಒಳ್ಳೆಯೋಳು.”

“ಅವಳತ್ತೆ?” ಕೇಳಿದಳೊಬ್ಬಳು.

“ಅವರೂ ಒಳ್ಳೆಯೋರು.”

“ಅಂಗಾರೆ ನಮ್ಮೂರೋರಲ್ಲ ಬುಡು!”

ಹಜಾರವೆಲ್ಲ ನಗು. ಕೈ ಮಾತ್ರ ಕೊರಡಿನಂತೆಯೇ ಉಳಿಯಿತು. ಆ ದಿನ ಮೂರು ಕಡೆ ಬಳೆ ಹೆಚ್ಚಿತು. ಸುಲ್ತಾನ್ ಬೀ ಅಳುತ್ತಾ ಮನೆಗೆ ಬಂದಳು.

ಅವರ ಮನೆಮಾತು ಉರ್ದು. ಅತ್ತೆ ಆ ದಿನ ಆಡಿದ್ದನ್ನು ಸುಲ್ತಾನ್ ಬೀ ಮುಂದೊಂದು ದಿನ ಮುದ್ದಮ್ಮನಿಗೆ ಕನ್ನಡ ಮಾಡಿ ಹೇಳಿದ್ದಳು.

“ನಿನ್ನ ರಾಣಿಗೆ ಏನು ಬೇಕಾಗಿತ್ತು?” ಅತ್ತೆ ಕೇಳಿದಳು.

“ಏನೂ ಬೇಡ. ಎಲ್ಲಾ ಇತ್ತು.”

“ಎಲ್ಲಾ ಇರೋಳ ಮನೆಗೆ ಯಾರು ಹೋಗ್ತಾರೆ? ಅವಳಿಗೆ ಏನೋ ಒಂದು ಬೇಕೇ ಬೇಕು. ಅದು ಸಿಗದ ಹಾಗೆ ಏನೋ ಒಂದು ಅಡ್ಡ ನಿಂತಿರಬೇಕು. ಬೇಕಾದ್ದು ಚಿಕ್ಕದಾದ್ರೂ ಚಿಂತೆಯಿಲ್ಲ. ಕೇಳುವವಳು ತನ್ನ ಕೈಯಲ್ಲಿ ಒಂದು ಸಲವಾದ್ರೂ ಹಿಡಿದ ವಸ್ತು ಆಗಿರಲಿ. ಕಿರೀಟ ಯಾರು ಹಿಡಿದಿದ್ದಾರೆ ಇಲ್ಲಿ?”

ಸುಲ್ತಾನ್ ಬೀ ಅರಮನೆ ಬಿಟ್ಟು ಒಲೆಯ ಹತ್ತಿರ ಬಂದಳು. ಒಂದು ಮಳೆಗಾಲದಲ್ಲಿ ಶಿಂಷೆಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ನೀರು ಇಳಿಯಲೆಂದು ಕಾಯುತ್ತಿದ್ದ ಯಾರೋ ಹೆಂಗಸನ್ನು ಅವಳು ಕಂಡಿದ್ದಳು. ಅವಳ ಮಡಿಲಲ್ಲಿ ಒಂದು ಮಡಕೆ. ಅದರಲ್ಲೇನಿತ್ತೋ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಕತೆ ಹುಟ್ಟಿತು.

ಒಂದು ಮನೆಯಲ್ಲಿ ಹೊಸ ಸೊಸೆ ಒಲೆಯ ಕೆಂಡ ಆರಿಸಿಬಿಡುತ್ತಾಳೆ. ಊರಿನ ಒಲೆಗಳೆಲ್ಲ ಮಳೆಗೆ ತಣ್ಣಗಾಗಿವೆ. ಅತ್ತೆ ಹೊಲದಿಂದ ಬರುವುದರೊಳಗೆ ಆಚೆ ದಡದ ಊರಿನಿಂದ ಕೆಂಡ ತರಬೇಕು. ಹೋಗುವಾಗ ಮೊಣಕಾಲುದ್ದ ಇದ್ದ ಹೊಳೆ ಬರುವಾಗ ಏರುತ್ತಿದೆ.

ಈ ಕತೆಯನ್ನು ಅವಳು ಒಂದೇ ಸಲಕ್ಕೆ ಕಟ್ಟಲಿಲ್ಲ. ಮೊದಲು ಕೆಂಡವನ್ನು ತಾಮ್ರದ ಪಾತ್ರೆಯಲ್ಲಿಟ್ಟಳು, ಬಳೆಗೆ ಚಾಚಿದ ಕೈಗಳು ಸಡಿಲವಾಗಲಿಲ್ಲ. ಬಾಯಿ ಮುಕ್ಕಾದ ಮಡಕೆಯಲ್ಲಿಟ್ಟಳು, ಕೈಗಳು ಹಗುರಾದವು. ಕೆಂಡದ ಮೇಲೆ ಬೂದಿ ಮುಚ್ಚಿದಳು ಎಂದಾಗ ಕೇಳುತ್ತಿದ್ದ ಮುದುಕಿಯೊಬ್ಬಳು, “ಜಾಸ್ತಿ ಮುಚ್ಬ್ಯಾಡ ಕಣಮ್ಮ, ಉಸುರು ಕಟ್ಟಿ ಆರೋಯ್ತದೆ,” ಎಂದು ಬೈದಳು. ಅದನ್ನೂ ಸೇರಿಸಿಕೊಂಡಳು. ಬೂದಿ ಬೆರಳಿಗೆ ಅಂಟುವಷ್ಟು ನಿಜವಾದ ಮೇಲೆ ಹೊಳೆ ಎಷ್ಟು ಏರಿದರೂ ಯಾರೂ ಸುಳ್ಳೆನ್ನಲಿಲ್ಲ.

ಕೊನೆಯೊಂದೇ ಹದಕ್ಕೆ ಬರಲಿಲ್ಲ. ಎಲ್ಲಿಂದಲೋ ಒಬ್ಬ ಫಕೀರ ಬಂದು ಕೈಯೆತ್ತುತ್ತಾನೆ, ಹೊಳೆ ಇಳಿಯುತ್ತದೆ. ಕೇಳಿದವರು “ಪುಣ್ಯಾತ್ಮ” ಎನ್ನುತ್ತಿದ್ದರು. ಕೈ ಮಾತ್ರ ಅರ್ಧವೇ ಸಡಿಲವಾಗುತ್ತಿತ್ತು.

ಅಷ್ಟರಲ್ಲಿ ಮುದ್ದಮ್ಮನ ಸೀಮಂತ ಬಂತು. ಹೊಟ್ಟೆಯಲ್ಲಿದ್ದವಳು ಇದೇ ಬೆಳ್ಳಿ. ಮುದ್ದಮ್ಮನ ಅತ್ತೆ ಮರಿತಾಯಮ್ಮ ಎಂದರೆ ಶಿವಪುರದಲ್ಲಿ ಗಂಡಸರೂ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಅವಳು ಕರೆಸಿದ ಬಳೆಗಾರ್ತಿಯೇ ಊರಿಗೆಲ್ಲ ಬಳೆಗಾರ್ತಿ. ಊರಿನ ಮುತ್ತೈದೆಯರೆಲ್ಲ ಚಾಪೆ ತುಂಬ ಕೂತಿದ್ದರು. ಸುಲ್ತಾನ್ ಬೀ ಮುದ್ದಮ್ಮನ ಕೈ ಹಿಡಿದು, ಹಸಿರು ಬಳೆ ಆರಿಸಿ, ಸೊಸೆಯನ್ನು ಹೊಳೆಗಿಳಿಸಿದಳು.

ಅಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಯಾರದೋ ಕಂಕುಳಲ್ಲಿದ್ದ ಮಗುವಿನ ಅಳು ಕೂಡ ನಿಂತಿತು. ಸುಲ್ತಾನ್ ಬೀ ತಲೆಯೆತ್ತಿ ಸುತ್ತಲಿನ ಮುಖಗಳನ್ನು ನೋಡಿದಳು. ಇಷ್ಟು ಬಾಯಿಗಳು ತನಗಾಗಿ ತೆರೆದು ಕೂತಿವೆಯಲ್ಲ ಎಂದು ಅವಳಿಗೆ ತಲೆ ತಿರುಗಿದಂತಾಯಿತು. “ಮಡಕೆ ತಳಕ್ಕೆ ನೀರು ಮುಟ್ತು!” ಎಂದವಳೇ ಬಳೆಯನ್ನೂ ಒತ್ತಿದಳು.

ಮುದ್ದಮ್ಮನ ಮುಷ್ಟಿ ತಾನಾಗಿ ಬಿಗಿದುಕೊಂಡಿತ್ತು. ಚಟ್ ಎಂದಿತು ಗಾಜು.

ಬಸುರಿಯ ಕೈಯಲ್ಲಿ, ಸೀಮಂತದ ಚಾಪೆಯ ಮೇಲೆ! ಮರಿತಾಯಮ್ಮ ಎದ್ದು ನಿಂತಳು. “ಮಲಾರ ಎತ್ಕೊ. ಇನ್ನೊಂದ್ ದಪ ಈ ಒಸಲು ತುಳುದ್ಗಿಳುದೀಯೆ!” ಅಂದಳು. ಅಂದಮೇಲೆ ಮುಗಿಯಿತು. ಮುದ್ದಮ್ಮ ಅತ್ತೆಯ ಕಣ್ಣು ನೋಡಿ, ಮಡಿಲಿಗೆ ಬಿದ್ದ ಗಾಜಿನ ಚೂರು ಆಯತೊಡಗಿದಳು.

ಬೆಳ್ಳಿ ಗುಂಡುಕಲ್ಲಿನಂತೆ ಹುಟ್ಟಿದಳು. ಬಾಣಂತಿಗೆ ಒಂದು ನೆಗಡಿಯೂ ಆಗಲಿಲ್ಲ. ಆದರೂ ಬಾಗಿಲು ತೆರೆಯಲಿಲ್ಲ. ಮರಿತಾಯಮ್ಮನ ದೊಡ್ಡಮನೆಯಲ್ಲಿ ಬೇಡವಾದವಳು ಉಳಿದ ಮನೆಗಳಿಗೂ ಬೇಡವಾದಳು. ಶಿವಪುರದ ಸುದ್ದಿ ಹಬ್ಬಿದಲ್ಲೆಲ್ಲ ಸೀಮಂತ, ಮದುವೆಗಳಿಗೆ ಸುಲ್ತಾನ್ ಬೀಯನ್ನು ಕರೆಯುವುದು ನಿಂತಿತು. ಯುದ್ಧದ ಕಾಲ, ಬಡಗಣ ಸೀಮೆಯಿಂದ ಗಾಜು ಬರುವುದೇ ಅಪರೂಪ. ಕಬ್ಬಿಣ ಸಿಗದೆ ಜಟಕಾ ಚಕ್ರಗಳಿಗೆ ಪಟ್ಟಿ ಕಟ್ಟುವ ಕೆಲಸವೂ ಕಡಿಮೆಯಾಗಿತ್ತು. ಮನೆಯ ಒಲೆ ಉರಿಯಬೇಕಾದರೆ ಮಲಾರವೇ ಆಧಾರ, ಅದಕ್ಕೆ ಹೋಗಲು ಊರೇ ಇಲ್ಲ. ಬಾಬು ಜಾನ್ ಒಮ್ಮೆ, “ಇದನ್ನು ಯಾರಿಗಾದರೂ ಕೊಟ್ಟುಬಿಡೋಣ,” ಎಂದ. ಸುಲ್ತಾನ್ ಬೀ ಮಲಾರವನ್ನು ಇನ್ನೂ ಮೇಲಿನ ಗೂಟಕ್ಕೆ ತೂಗುಹಾಕಿದಳು.

ಜುಲೇಖಾ ಬೀ ಸಾಯುವ ಮುನ್ನ ಸೊಸೆಯನ್ನು ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿದ್ದಳು: “ಆವತ್ತು ಮುಖ ನೋಡಿದೆಯಾ?”

“ಹೂಂ.”

“ಮುಖಕ್ಕೆ ಮರ್ಯಾದೆ ಗೊತ್ತು ಮಗಳೇ. ಬೇಜಾರಾದ್ರೂ ನಗುತ್ತೆ, ಹೊಗಳುತ್ತೆ. ಕೈಗೆ ಮರ್ಯಾದೆ ಗೊತ್ತಿಲ್ಲ. ಕತೆಗೆ ಗಂಟು ಹಾಕುವಾಗ ಬಳೆ ಮುಟ್ಟಬೇಡ. ಬಿಚ್ಚುವಾಗ ಕೈ ತಾನೇ ನಿನ್ನ ಹತ್ತಿರ ಬರುತ್ತೆ.”

ಇತ್ತ ಶಿವಪುರದಲ್ಲಿ ಬೇರೊಂದು ಸಂಗತಿ ನಡೆಯುತ್ತಿತ್ತು. ಸೀಮಂತದ ದಿನ ಕತೆ ಮುಗಿದಿರಲಿಲ್ಲ. ಮಡಕೆಯ ತಳಕ್ಕೆ ನೀರು ಮುಟ್ಟಿದ್ದೇ ಕೊನೆ. ನಾಲೆಯಲ್ಲಿ ಬಟ್ಟೆ ಒಗೆಯುವಾಗ, ಕಳೆ ಕೀಳುವಾಗ, ಯಾರಾದರೂ ಒಬ್ಬಳು, “ಅಲ್ಲ, ಆ ಎಣ್ಣು ಏನಾದ್ಲೋ,” ಎನ್ನುವಳು. ಮುಳುಗಿರಬೇಕು ಎಂದು ಒಬ್ಬಳು, ತವರಿಗೆ ತಿರುಗಿಕೊಂಡಿರಬೇಕು ಎಂದು ಇನ್ನೊಬ್ಬಳು. ಇಂಥದೇ ಒಂದು ವಾದ ಜಗಳವಾಗಿ ಇಬ್ಬರು ವಾರಗಿತ್ತಿಯರು ಒಂದು ಬೇಸಗೆ ಮಾತು ಬಿಟ್ಟಿದ್ದರು.

ನಾಲ್ಕು ವರ್ಷ ಕಳೆದು ಗೌರಿ ಹಬ್ಬ ಹತ್ತಿರ ಬಂತು. ಮಂಡ್ಯದಿಂದ ಕರೆಸಿದ ಬಳೆಗಾರ ಮರಿತಾಯಮ್ಮನ ಕೈ ಹಿಡಿದು ಸೋತ. ರಾಗಿ ಬೀಸಿ, ಭತ್ತ ಕುಟ್ಟಿ ಗೆಣ್ಣು ಗಂಟುಗಟ್ಟಿದ ಕೈ. ಇಟ್ಟ ಬಳೆಯೆಲ್ಲ ಹೆಚ್ಚಿ, ಅಂಗೈ ಬದಿ ಕೊಯ್ದು ರಕ್ತ ಬಂತು. “ಈ ಕೈಗೆ ಬ್ರಹ್ಮನೂ ಇಡಲಾರ,” ಎಂದು ಅವನು ಎದ್ದುಹೋದ. ಉಳಿದದ್ದು ಕೈಗೊಂದು ಹಳೆಯ ಬಳೆ, ಅದರಲ್ಲೂ ಒಂದಕ್ಕೆ ಬಿರುಕು. ಗಂಡ ಮರಿಸಿದ್ದಯ್ಯ ಕಲ್ಲುಗುಂಡಿನ ಹಾಗೆ ಜಗಲಿಯಲ್ಲಿ ಕೂತಿರುವಾಗ ಮುತ್ತೈದೆ ಬರಿಗೈಯಲ್ಲಿ ಗೌರಿ ಮುಂದೆ ನಿಲ್ಲುವುದುಂಟೆ?

“ಸುಲ್ತಾನ್ ಬೀನ ಕರೆಸ್ಲಾ ಅತ್ತೆಮ್ಮ?” ಎಂದಳು ಮುದ್ದಮ್ಮ, ಒಲೆ ಕಡೆ ಮುಖ ಮಾಡಿಕೊಂಡೇ.

“ಅವಳ ಎಸ್ರು ಎತ್ತಬ್ಯಾಡ.”

ಮುದ್ದಮ್ಮ ಸೌದೆ ಮುಂದೂಡಿದಳು. ಕೆಂಡ ಸಿಡಿಯಿತು. ಅದನ್ನೇ ನೋಡುತ್ತಿದ್ದ ಮರಿತಾಯಮ್ಮ ಗೊಣಗಿದಳು: “ನಾಕು ವರ್ಸದಿಂದ ಆ ಎಣ್ಣು ನೀರಲ್ಲೇ ನಿಂತದೆ ಕಣೆ. ಕರೆಸತ್ಲಾಗೆ. ದಡ ಸೇರುಸ್ಬುಟ್ಟಾರೂ ಓಗ್ಲಿ.”

ಮರುದಿನ ಬೆಳಿಗ್ಗೆ ಸುಲ್ತಾನ್ ಬೀ ಗೂಟದಿಂದ ಮಲಾರ ಇಳಿಸಿ, ಧೂಳು ಕೊಡವಿ, ಶಿವಪುರದ ದಾರಿ ಹಿಡಿದಳು. ಇವತ್ತು ಈ ಒಂದು ಕೈಗೆ ಬಳೆ ಏರಿದರೆ ಊರಿನ ಬಾಗಿಲುಗಳು ತೆರೆಯುತ್ತವೆ. ಇನ್ನೊಂದು ಸಲ ಚಟ್ ಎಂದರೆ ಮಲಾರ ಗೂಟಕ್ಕೂ ಮರಳುವುದಿಲ್ಲ, ಯಾರದೋ ಹೆಗಲಿಗೆ ಹೋಗುತ್ತದೆ. ಅವಳಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತು ಕರೆದ ಮುದ್ದಮ್ಮನಿಗೂ ಗೊತ್ತಿತ್ತು. ಹಜಾರ ತುಂಬ ಹೆಂಗಸರು. ಬಳೆಗೆಂದು ಬಂದವರಾರೋ, ಹೊಳೆಯಲ್ಲಿದ್ದವಳಿಗೆಂದು ಬಂದವರಾರೋ.

ಮರಿತಾಯಮ್ಮ ಒನಕೆ ಚಾಚಿದಂತೆ ಕೈ ಚಾಚಿದಳು. “ನಂಗೆ ಕತೆಗಿತೆ ಬ್ಯಾಡ. ಆ ಎಣ್ಣು ಏನಾದ್ಲು, ಅದೊಂದ್ ಏಳ್ಬುಡು. ಬಳೆ ಇಟ್ಬುಟ್ಟು ಎದ್ದೋಗು.”

“ಬದುಕಿದ್ಲು ಅಂತೀನಿ, ಸತ್ಲು ಅಂತೀನಿ. ನಂಬ್ತೀರಾ ದೊಡ್ಡವ್ವ? ಅವಳ ಜೊತೆ ನೀರಿಗೆ ಇಳಿದೋರಿಗೇ ದಡ ಗೊತ್ತಾಗೋದು. ಒಲೆಯಿಂದಲೇ ಹೊರಡಬೇಕು.”

“ಬಾಯಿಗೇನೂ ಕಮ್ಮಿ ಇಲ್ಲ. ಸರಿ, ಒರಡು.”

ಸುಲ್ತಾನ್ ಬೀ ಒಲೆ ಆರಿಸಿದಳು, ಊರೆಲ್ಲ ಅಲೆಸಿದಳು, ಹೊಳೆ ದಾಟಿಸಿ ಕೆಂಡ ಕೊಡಿಸಿದಳು. ಅಲ್ಲಿ ನಿಲ್ಲಿಸಿಬಿಟ್ಟಳು.

“ಯಾಕ್ ನಿಲ್ಲಿಸ್ದೆ?”

“ಹ್ಞೂಂ ಅನ್ನೋರಿಲ್ಲದೆ ಕತೆ ನಡೆಯಲ್ಲ ದೊಡ್ಡವ್ವ.”

“ಇಷ್ಟ್ ಜನ ಅಂತಾವ್ರಲ್ಲ!”

“ಕೈ ಕೊಟ್ಟೋರು ಅನ್ನಬೇಕು.”

ಮರಿತಾಯಮ್ಮ ಸುತ್ತ ನೋಡಿ, ಯಾರೂ ನಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, “ಹ್ಞೂಂ,” ಎಂದಳು.

ಸೊಸೆ ನೀರಿಗಿಳಿದಳು. ಸೊಂಟ. ಎದೆ. ಸುಲ್ತಾನ್ ಬೀ ಒಂದು ಮುಖವನ್ನೂ ನೋಡಲಿಲ್ಲ. ಅವಳ ಕಣ್ಣು ತನ್ನ ಅಂಗೈಯಲ್ಲಿದ್ದ ಆ ಒರಟು ಕೈಯ ಮೇಲೆಯೇ. ಮಡಕೆಯ ತಳಕ್ಕೆ ನೀರು ಮುಟ್ಟಿದಾಗ ಕೈ ಮುಷ್ಟಿಯಾಯಿತು. ಸುಲ್ತಾನ್ ಬೀ ಬಳೆಗಳನ್ನು ತನ್ನ ಬೆರಳ ತುದಿಯಲ್ಲೇ ಹಿಡಿದು ನಿಲ್ಲಿಸಿದಳು, ಕೈಗೆ ಒತ್ತಲಿಲ್ಲ.

ಮುಂದಕ್ಕೆ ಹೆಜ್ಜೆ ಇಟ್ಟರೆ ಕೆಂಡ ಹೋಗುತ್ತದೆ, ಹಿಂದಕ್ಕೆ ಇಟ್ಟರೆ ಸೆಳವು ಎಳೆಯುತ್ತದೆ. ಫಕೀರ ಬರುವ ಹೊತ್ತು. ಆದರೆ ಊರುಗಳಿಲ್ಲದ ಆ ನಾಲ್ಕು ವರ್ಷ ಸುಲ್ತಾನ್ ಬೀ ಯೋಚಿಸಿದ್ದು ಇದನ್ನೇ. ದಾರಿಹೋಕ ಫಕೀರನಿಗೂ ಆ ಒಲೆಗೂ ಏನು ಸಂಬಂಧ? ಒಲೆ ಯಾರದೋ ಅವರೇ ಬರಬೇಕು.

“ಈ ದಡದಲ್ಲಿ ಯಾರೋ ಕಿರಿಚಿದ್ರು. ನೋಡಿದ್ರೆ ಅತ್ತೆ! ಹೊಲದಿಂದ ಬಂದವ್ಳೆ, ಒಲೆ ನೋಡವ್ಳೆ, ಓಡಿ ಬಂದವ್ಳೆ. ‘ಲೇ ಮನೆಹಾಳಿ! ಕೆಂಡ ಎಸೀಲೇ! ಎಸುದ್ಬುಟ್ಟು ನೀನು ಬಾರೇ!’ ಅಂತಾಳೆ. ಇವಳು ಎಸೆಯಲ್ಲ. ಅತ್ತೆ ಸೀರೆ ಎತ್ತಿ ಕಟ್ಟಿ ತಾನೇ ಇಳಿದ್ಲು. ಬೈಯ್ತಾನೇ ಇಳಿದ್ಲು. ಮೊಣಕಾಲುದ್ದಕ್ಕೆ ಅವಳಪ್ಪನ್ನ ಬೈದ್ಲು, ಸೊಂಟದುದ್ದಕ್ಕೆ ಅವಳಜ್ಜನ್ನ ಬೈದ್ಲು...”

“ನೀರಲ್ಲಿ ನಿಂತ್ಕಂಡು ಬಯ್ಯೋಕಾದದಾ?” ಎಂದು ಯಾರೋ ಅಂದಳು.

“ನಮ್ಮತ್ತೆ ಬಯ್ತಾರೆ,” ಎಂದುಬಿಟ್ಟಳು ಮುದ್ದಮ್ಮ. ಹಜಾರವೆಲ್ಲ ನಗೆಯಲ್ಲಿ ಸಿಡಿಯಿತು. ಮರಿತಾಯಮ್ಮನಿಗೂ ನಗು ಬಂತು, ತಡೆದುಕೊಂಡಳು. ಕೈ ಒಂದು ಎಳೆ ಸಡಿಲವಾಯಿತು. ಸುಲ್ತಾನ್ ಬೀ ಇನ್ನೂ ಕಾದಳು.

“ಒಂದು ಕೈಲಿ ಮಡಕೆ ಇಸ್ಕೊಂಡ್ಲು, ಇನ್ನೊಂದು ಕೈಲಿ ಸೊಸೆ ಜುಟ್ಟು ಹಿಡಿದು ದಡಕ್ಕೆ ಎಳೆದ್ಲು. ಮನೆಗೆ ಬಂದು ಒಲೆ ಮುಂದೆ ಇಬ್ರೂ ಕೂತ್ರು. ಮಡಕೆ ಬಗ್ಗಿಸಿದ್ರು. ಬೂದಿ... ಬೂದಿ... ಬರೀ ಬೂದಿ. ಅತ್ತೆ ಬೆರಳಲ್ಲಿ ಕೆದಕಿದ್ಲು. ಅಡೀಲಿ ರಾಗಿಕಾಳಿನಷ್ಟು ಕೆಂಪು. ಇಬ್ರೂ ಬಗ್ಗಿ, ಮೆಲ್ಲಗೆ...”

ಸುಲ್ತಾನ್ ಬೀ ತುಟಿ ಮುಂದೆ ಮಾಡಿ ಊದಿದಳು. ಹಜಾರದಲ್ಲಿದ್ದವರೆಲ್ಲ ತಮಗೇ ಗೊತ್ತಿಲ್ಲದೆ ಊದಿದರು. ಮರಿತಾಯಮ್ಮ ಕೆನ್ನೆ ಉಬ್ಬಿಸಿ, ಎಲ್ಲರಿಗಿಂತ ಉದ್ದವಾಗಿ, ಉಸಿರೆಲ್ಲ ಖಾಲಿಯಾಗುವ ತನಕ ಊದಿದಳು. ಆ ಉಸಿರಿನ ಜೊತೆ ಗೆಣ್ಣುಗಳೆಲ್ಲ ಕರಗಿದವು.

“ಒತ್ಕತಾ?” ಎಂದಳು ಮರಿತಾಯಮ್ಮ.

“ಹೊತ್ತಿಕೊಂತು ದೊಡ್ಡವ್ವ. ಬುಗ್ ಅಂತು.”

“ಅಬ್ಬ!” ಮರಿತಾಯಮ್ಮ ಒಲೆಯ ಮುಂದೆ ಕೂತವಳಂತೆ ಎಡಗೈಯಲ್ಲಿ ಸೆರಗು ಹಿಡಿದು ಹಣೆಯ ಬೆವರು ಒರೆಸಿಕೊಂಡಳು. ಆಮೇಲೆ ನೆನಪಾಗಿ ಗದರಿದಳು: “ಸರಿ, ಕತೆ ಆಯ್ತು. ಬಳೆ ಯಾವಾಗ್ ಇಡ್ತೀಯೆ?”

“ಇಟ್ಟಾಯ್ತಲ್ಲ.”

ಮರಿತಾಯಮ್ಮ ಕೈಯೆತ್ತಿದಳು. ಝಲ್ ಎಂದಿತು. ಮೊಣಕೈ ಕಡೆಗೆ ಜಾರಿದ ಹಸಿರು ಬಳೆಗಳನ್ನು ಅವಳು ಬೇರೆ ಯಾರದೋ ಕೈ ನೋಡುವಂತೆ ನೋಡಿದಳು. ಒಂದಾದರೂ ಹೆಚ್ಚಿರಲಿಲ್ಲ. ಹೆಂಗಸರು ಹೋ ಎಂದು ಎದ್ದ ಸದ್ದಿಗೆ ಜಗಲಿಯಲ್ಲಿದ್ದ ಮರಿಸಿದ್ದಯ್ಯ, “ಏನ್ರೇ ಅದು, ಒಳಗೆ ಬೆಂಕಿಗಿಂಕಿ ಬಿತ್ತಾ?” ಎಂದು ಇಣುಕಿದ.

“ಬೆಂಕಿ ಒತ್ಕತು, ನೀವ್ ಸುಮ್ಕಿರಿ,” ಎಂದ ಮರಿತಾಯಮ್ಮ ಎಡಗೈ ಚಾಚಿದಳು. “ಇದ್ಕೆ ಇನ್ನೊಂದು ಕತೆ ಏಳು. ಈ ಸಲ ಅತ್ತೇನ ಮೊದ್ಲಿಂದ್ಲೇ ಕರ್ಕಂಬಾ.”

ಅಂದು ಶಿವಪುರದ ಒಂದು ಬಾಗಿಲೂ ಮುಚ್ಚಲಿಲ್ಲ. ಬಳೆಯೆಲ್ಲ ಖರ್ಚಾಗಿ ಸುಲ್ತಾನ್ ಬೀ ಬರೀ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಮದ್ದೂರು ಸೇರಿದಳು. ಆ ಹಗ್ಗ ನೋಡಿ ಬಾಬು ಜಾನ್ ಬಳೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಳೆಂದು ಎದೆ ಹಿಡಿದುಕೊಂಡನಂತೆ.

ಮುದ್ದಮ್ಮ ಹೇಳಿ ಮುಗಿಸುವ ಹೊತ್ತಿಗೆ ಬೆಳ್ಳಿ ತನ್ನ ಅಂಗೈಯನ್ನೇ ತೆರೆದು, ಮುಚ್ಚಿ, ತೆರೆದು ನೋಡಿಕೊಳ್ಳುತ್ತಿದ್ದಳು.

ಸಂಜೆ ಮಾತಿಗೆ ತಪ್ಪದೆ ಸುಲ್ತಾನ್ ಬೀ ಬಂದಳು. ಬಿಸಿಲು ಇನ್ನೂ ಜಗಲಿಯ ಮೇಲಿತ್ತು. ಮರಿತಾಯಮ್ಮ ಒಳಗೆ ಹೂ ಕಟ್ಟುತ್ತಿದ್ದಳು. ಹಗ್ಗದ ತುದಿಯಲ್ಲಿ ಬಟ್ಟೆ ಸುತ್ತಿ ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ಒಂದು ಹಿಡಿ ಹಸಿರು ಬಳೆಗಳನ್ನು ಅವಳು ಬಿಚ್ಚಿದಳು. ಆಗ ಮುದ್ದಮ್ಮ ಮೊದಲ ಸಲ ಸುಲ್ತಾನ್ ಬೀಯ ಕೈಗಳನ್ನು ನೋಡಿದಳು. ಒಂದೊಂದರಲ್ಲೂ ಅಳತೆ ಮೀರಿದ ಒಂದೆರಡು ಬಳೆ, ತಾನಾಗಿ ಹಾಕಿ ತೆಗೆಯಬಹುದಾದ ಸಡಿಲದವು.

“ಅತ್ತೆ ಹೋದ ಮೇಲೆ ನನ್ನ ಕೈ ಹಿಡಿಯೋರಿಲ್ಲ ಮುದ್ದವ್ವ. ಊರಿಗೆಲ್ಲ ನಾನು ಇಡ್ತೀನಿ, ನನಗೆ ಇಡೋರು ಯಾರು?” ಅವಳು ಜಗಲಿಯ ಮೇಲೆ ಕೂತು, ಇಷ್ಟು ವರ್ಷ ಬೇರೆಯವರು ತನ್ನ ಮುಂದೆ ಚಾಚಿದಂತೆಯೇ, ಸ್ವಲ್ಪ ಹೆದರುತ್ತ ಬಲಗೈ ಚಾಚಿದಳು. “ಅಳತೆಯ ಬಳೆ ಇವು, ಬಿಗಿ. ನೀನು ಇಟ್ಟುಕೊಡು. ಸುಮ್ಮನೆ ಇಡಬೇಡ. ನಾನು ಕೇಳದೆ ಇರೋ ಒಂದು ಕತೆ ಹೇಳ್ತಾ ಇಡು. ಹ್ಞೂಂ ಅಂತೀನಿ.”